ಗರುಡನಿಗೂ ವರುಣನಿಗೂ ನಡುವೆ

೨೧ ಸೆಪ್ಟೆಂಬರ್ ೧೯೮೧, ಸೋಮವಾರ

ಇವತ್ತಿನಿಂದ ಹೊಸ ಡ್ಯೂಟಿ. ಪೊಲೀಸ್ ವೈರ್‌ಲೆಸ್ ಆಪರೇಟರ್ ಸುಬ್ಬರಾಯಪ್ಪನಾದ ನಾನು ಮಳೆಗಾಲ ಮುಗಿಯುವವರೆಗೆ ನನ್ನೂರು ಕ್ಯಾಲನೂರಿನಲ್ಲೇ, ದಿಬ್ಬದ ಮೇಲಿರುವ ಹಳೇ ಹಾಲಿನ ಶೆಡ್ಡಿನಲ್ಲಿ ಕೂರಬೇಕಂತೆ. ಎತ್ತರದ ಜಾಗ, ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಹುಳಿ ಹಾಲಿನ ವಾಸನೆ ಅದಕ್ಕಿಂತ ಚೆನ್ನಾಗಿ ಸಿಗುತ್ತದೆ.

ಕೆಲಸ ಇಷ್ಟು. ಪೊಲೀಸರದೊಂದು ಸೆಟ್ಟು, ಅದರ ಕರೆಹೆಸರು ಗರುಡ. ಫೈರ್ ಇಂಜಿನ್‌ನವರದೊಂದು ಸೆಟ್ಟು, ಅದು ವರುಣ. ಎರಡೂ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಅಲೆಯವು. ಗರುಡ ಗಂಟಲು ಹರಿದುಕೊಂಡರೂ ವರುಣನಿಗೆ ಕೇಳಿಸದು. ಹೋದ ವರ್ಷದ ಮಳೆಯಲ್ಲಿ ಜೀಪಿನವರೂ ಇಂಜಿನ್‌ನವರೂ ಒಬ್ಬರನ್ನೊಬ್ಬರು ಹುಡುಕುತ್ತಾ ಒಂದೇ ಊರನ್ನು ಪ್ರದಕ್ಷಿಣೆ ಹಾಕಿದರಂತೆ. ಅದಕ್ಕೆ ಮೇಲಿನವರು ಕಂಡುಹಿಡಿದ ಯಂತ್ರ ನಾನು. ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳುವುದು, ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳುವುದು. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕಿವಿ.

ಎರಡು ಇಲಾಖೆಯ ಆಸ್ತಿ ಒಂದಕ್ಕೊಂದು ತಗಲಬಾರದೆಂದು ಎರಡು ಮೇಜನ್ನು ಆ ಗೋಡೆಗೊಂದು ಈ ಗೋಡೆಗೊಂದು ಹಾಕಿದ್ದಾರೆ. ನಡುವೆ ಚಕ್ರ ಮುರಿದ ಕುರ್ಚಿಯ ಮೇಲೆ ನಾನು. ಅವರಿಗೆ ಗರುಡ, ಇವರಿಗೆ ವರುಣ. ನನಗೆ ಕರೆಹೆಸರು ಇಲ್ಲ. ಕೇಳಿದ್ದಕ್ಕೆ ಸರ್ಕಲ್ ಇನ್ಸ್‌ಪೆಕ್ಟರ್ ಕೋದಂಡರಾಮಪ್ಪನವರು, "ತಂತೀಗೆ ಯಾರಾದ್ರೂ ನಾಮಕರಣ ಮಾಡ್ತಾರೇನಯ್ಯಾ?" ಎಂದರು.

ಸರಿ, ನಾನು ತಂತಿ. ನನ್ನ ಮಾತೇನಿದ್ದರೂ ಈ ಡೈರಿಯಲ್ಲಿ.

೨೪ ಸೆಪ್ಟೆಂಬರ್

ನನ್ನನ್ನು ಯಾಕೆ ಇಲ್ಲಿ ಕೂರಿಸಿದ್ದಾರೆಂದು ಇವತ್ತು ಅರ್ಥವಾಯಿತು. ಸೆಟ್ಟುಗಳು ಮಾತಾಡದಿರುವುದು ಸಣ್ಣ ತೊಂದರೆ. ಕೋದಂಡರಾಮಪ್ಪನವರೂ ಫೈರ್ ಸ್ಟೇಷನ್ನಿನ ಅಧಿಕಾರಿ ಗಂಗುಲಪ್ಪನವರೂ ಮಾತಾಡುವುದಿಲ್ಲ, ಅದು ದೊಡ್ಡದು.

ಕಥೆ ಇದು. ಎರಡು ವರ್ಷದ ಹಿಂದೆ ಒಂದೂರಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಗಂಗುಲಪ್ಪನವರು ಪೈಪು ಹಿಡಿದರೆ ಒಂದು ತೊಟ್ಟು ನೀರಿಲ್ಲ. ಯಾಕೆಂದು ನೋಡಿದರೆ ಇನ್ಸ್‌ಪೆಕ್ಟರ್ ಜೀಪು ಪೈಪಿನ ಮೇಲೆಯೇ ನಿಂತಿದೆ, ಸಾಹೇಬರು ಅದರೊಳಗೆ ಕೂತು ಜನರನ್ನು ಹದ್ದುಬಸ್ತಿನಲ್ಲಿಡುತ್ತಿದ್ದಾರೆ. ಗಂಗುಲಪ್ಪನವರು ಊರವರೆಲ್ಲರ ಎದುರಿಗೆ, "ಸಾರ್, ಬೆಂಕಿ ಆಮೇಲೆ ಆರಿಸೋಣ, ಮೊದಲು ತಾವು ಇಳೀರಿ" ಎಂದರು. ಊರು ನಕ್ಕಿತು. ಅಷ್ಟೇ.

ಇವತ್ತಿನ ಮೊದಲ ಸಂದೇಶ ಗರುಡನಿಂದ: "ಆ ನೀರುಮುಕ್ಕನಿಗೆ ಹೇಳು, ನಾಳೆ ರಿಹರ್ಸಲ್‌ಗೆ ಹೊತ್ತಿಗೆ ಸರಿಯಾಗಿ ಬರಬೇಕು." ನಾನು ಹಾಗೆಯೇ ಹೇಳಿದೆ. ವರುಣನಿಂದ ಬಂದದ್ದು: "ಆ ಮೀಸೆಗೆ ಹೇಳಪ್ಪಾ, ಜೀಪು ಎಲ್ಲಿ ನಿಲ್ಲಿಸ್ತಾರೋ ಮೊದಲು ಬರೆದುಕೊಡಲಿ." ಅದನ್ನೂ ಹೇಳಿದೆ. ಸಂಜೆಯೊಳಗೆ ಇಬ್ಬರೂ ಬೈದದ್ದು ನನ್ನನ್ನು.

ಮನೆಗೆ ಬಂದರೆ ಇಲ್ಲೂ ಅದೇ ರಿಹರ್ಸಲ್. ನನ್ನ ತಾಯಿ ಮುನಿಶಾಮಮ್ಮನಿಗೂ ನನ್ನ ಹೆಂಡತಿ ವೆಂಕಟರತ್ನಮ್ಮನಿಗೂ ಯುಗಾದಿಯಿಂದ ಮಾತಿಲ್ಲ. ಹಾಲಿನ ಡೈರಿಯಲ್ಲಿ ಅಳೆದಾಗ ನಮ್ಮ ಹಾಲಿನ ಡಿಗ್ರಿ ಕಮ್ಮಿ ಬಂದ ದಿನ ಅಮ್ಮ ಸಾಲಿನಲ್ಲಿ ನಿಂತವರ ಮುಂದೆ, "ಸೊಸೆ ಕ್ಯಾನು ತೊಳೆದು ಬೋರಲು ಹಾಕಿಲ್ಲ ಕಣಮ್ಮ, ನೀರು ಹಂಗೇ ಉಳ್ಕಂಡೈತೆ" ಎಂದಳು. ಒಂದೇ ಅಡುಗೆಮನೆ, ಒಂದೇ ಒಲೆ. ಅಮ್ಮ ಅನ್ನುತ್ತಾಳೆ, "ಸುಬ್ಬಾ, ಅವಳಿಗೆ ಹೇಳ್ಲಾ, ಮುದ್ದೆ ಗಂಟಾಗೈತೆ." ಮುದ್ದೆ ಕಟ್ಟುತ್ತಿರುವ ರತ್ನ ಅನ್ನುತ್ತಾಳೆ, "ರೀ, ನಿಮ್ಮಮ್ಮಂಗೆ ಹೇಳಿ, ಗಂಟಿರೋದು ಮುದ್ದೇಲಲ್ಲ."

ನಾನು ಹೇಳುವುದು ಬೇರೆ. "ರತ್ನ, ಅಮ್ಮ ಸಾರು ಘಮಘಮ ಅಂತಿದೆ ಅಂದ್ಲು." "ಅಮ್ಮ, ಬಿಸಿ ಮುದ್ದೆ ಮೊದಲು ನಿನಗಂತೆ." ಒಬ್ಬರಿಗೊಬ್ಬರು ಎದುರೇ ಕೂತವರು ಕೇಳಿಸಿಕೊಂಡದ್ದನ್ನು ಬಿಟ್ಟು ನನ್ನ ಮಾತಿಗೆ ತಲೆದೂಗುತ್ತಾರೆ. ಈ ವಿದ್ಯೆಯನ್ನು ಶೆಡ್ಡಿನಲ್ಲಿ ಯಾಕೆ ಉಪಯೋಗಿಸಬಾರದು?

೨೮ ಸೆಪ್ಟೆಂಬರ್

ಉಪಯೋಗಿಸಿದೆ!

ಗರುಡ: "ಆ ಗಂಗುಲಪ್ಪನ ಗಾಡಿ ಎಲ್ಲಿ ಸತ್ತಿದೆ ಕೇಳು." ನಾನು ವರುಣನಿಗೆ: "ತಾವು ಈಗ ಎಲ್ಲಿ ಬಿಜಯಂಗೈದಿದ್ದೀರಿ ಎಂದು ಸಾಹೇಬರು ವಿಚಾರಿಸುತ್ತಿದ್ದಾರೆ." ಆ ಕಡೆ ಬಹಳ ಹೊತ್ತು ಬರೀ ಗೊರಗೊರ. ಆಮೇಲೆ, "ಯಾರು, ಕೋದಂಡರಾಮಪ್ಪನೇ?"

"ಹೌದು ಸಾರ್. ತಮ್ಮ ಆರೋಗ್ಯವನ್ನೂ ಕೇಳಿದರು."

"ಮಂಡಿನೋವು ಅಂತ ಹೇಳಪ್ಪಾ," ಎಂದರು ಗಂಗುಲಪ್ಪನವರು, ದನಿ ಅರ್ಧಕ್ಕೆ ಇಳಿದಿತ್ತು.

ಮಂಡಿನೋವನ್ನು ಗರುಡನಿಗೆ ಮುಟ್ಟಿಸಿದೆ. ಜೊತೆಗೆ, "ಸಾಹೇಬರಂಥ ದಕ್ಷ ಅಧಿಕಾರಿ ಜೊತೆಗಿದ್ದರೆ ನೋವು ಮರೆತುಹೋಗುತ್ತೆ ಅಂದರು" ಎಂದು ಒಗ್ಗರಣೆ ಹಾಕಿದೆ. ಇನ್ಸ್‌ಪೆಕ್ಟರು ಕೆಮ್ಮಿದರು. "ಹರಳೆಣ್ಣೆ ಬಿಸಿ ಮಾಡಿ ಹಚ್ಚಕ್ಕೆ ಹೇಳು," ಎಂದರು. ಇದನ್ನು ಮಾತ್ರ ಹಾಗೆಯೇ ಹೇಳಿದೆ.

೯ ಅಕ್ಟೋಬರ್

ಆಯುಧಪೂಜೆಯ ದಿನ ಎರಡೂ ಸೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಹಿಂಡಿದೆ. ಕೈ ಸುಮ್ಮನಿರಲಿಲ್ಲ. ವರುಣನ ಕಡೆಯಿಂದ ಗರುಡನಿಗೂ, ಗರುಡನ ಕಡೆಯಿಂದ ವರುಣನಿಗೂ ಹಬ್ಬದ ಶುಭಾಶಯ ತಿಳಿಸಿಬಿಟ್ಟೆ. ಇಬ್ಬರೂ ಹೇಳಿರಲಿಲ್ಲ.

ಇವತ್ತು ಸುದ್ದಿ ಬಂತು. ಇನ್ಸ್‌ಪೆಕ್ಟರು ತಮ್ಮ ಹಿತ್ತಲಿನ ಬೂದುಗುಂಬಳವನ್ನು ಫೈರ್ ಇಂಜಿನ್ ಮುಂದೆ ಒಡೆಯಲೆಂದು ಜೀಪಿನಲ್ಲಿ ಕಳಿಸಿಕೊಟ್ಟರಂತೆ. ಗಂಗುಲಪ್ಪನವರು ಅದನ್ನು ಒಡೆಯಲಿಕ್ಕೆ ಮನಸ್ಸು ಬಾರದೆ ಹುಳಿ ಮಾಡಿಸಿ ತಿಂದು, ಬದಲಿಗೆ ಒಂದು ಮೂಟೆ ಕಡಲೆಪುರಿ ಕಳಿಸಿದ್ದಾರೆ. ಮೂಟೆಯ ಜೊತೆ ಬಂದ ಫೈರ್‌ಮನ್ ಅಶ್ವತ್ಥಪ್ಪ ನನ್ನ ಶೆಡ್ಡಿಗೂ ಬಂದು, "ಏನಣ್ಣಾ, ನಿಮ್ಮ ಸಾಹೇಬ್ರಿಗೆ ದೇವರು ಗೀವರು ಬಂತಾ?" ಎಂದು ಕೇಳಿದ. ಇಲ್ಲಪ್ಪಾ, ಸುಬ್ಬರಾಯಪ್ಪ ಬಂದ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ತಂತಿ.

೧೫ ಅಕ್ಟೋಬರ್

ಕಲೆಕ್ಟರ ಕಚೇರಿಯವರು ಬಂದು ನೋಡಿ, "ಎರಡು ಇಲಾಖೆ ಎಷ್ಟು ಹೊಂದಾಣಿಕೆಯಿಂದ ಕೆಲಸ ಮಾಡ್ತಿವೆ!" ಎಂದು ಹೊಗಳಿದರು. ಯಾರನ್ನು? ಗರುಡನನ್ನು, ವರುಣನನ್ನು. ನಡುವಿನ ಕುರ್ಚಿ ಕಿರ್ ಅಂದಿತು.

೨೬ ಅಕ್ಟೋಬರ್, ನರಕ ಚತುರ್ದಶಿ

ಬೆಳಿಗ್ಗೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ ಪಟಾಕಿ ಕಿಡಿ ಹಾರಿ ಬೈರಮ್ಮ ಎಂಬ ಮುದುಕಿಯ ಬಣವೆ ಹೊತ್ತಿಕೊಂಡಿತು. ಗರುಡ ಕೂಗಿದರು: "ಆ ಮಹಾರಾಯನಿಗೆ ಹೇಳು, ಎಣ್ಣೆ ಸವರಿಕೊಂಡು ಕೂತಿರಬೇಡ, ಈಗಲೇ ಹೊರಡು ಅಂತ. ತಡ ಮಾಡಿದರೆ ಬೂದಿ ಹೊರೋಕೆ ಬರಬೇಕಾಗುತ್ತೆ."

ನಾನು ಹೇಳಿದ್ದು: "ಹಬ್ಬದ ದಿನ ತೊಂದರೆ ಕೊಡುತ್ತಿರುವುದಕ್ಕೆ ಸಾಹೇಬರು ಕ್ಷಮೆ ಕೇಳಿದ್ದಾರೆ. ಒಂದು ಬಣವೆಗೆ ಬೆಂಕಿ. ತಾವು ಅನುಕೂಲ ನೋಡಿಕೊಂಡು ದಯಮಾಡಿಸಬೇಕು."

ಗಂಗುಲಪ್ಪನವರು ನಿಜವಾಗಿಯೂ ಎಣ್ಣೆ ಸವರಿಕೊಂಡು ಕೂತಿದ್ದರು. ಅನುಕೂಲ ನೋಡಿಕೊಂಡರು. ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡು, ಒಬ್ಬಟ್ಟು ತಿಂದು ದಯಮಾಡಿಸಿದರು. ಅಷ್ಟರಲ್ಲಿ ಬೆಂಕಿ ಪಕ್ಕದ ಬಣವೆಗೂ ಕೊಟ್ಟಿಗೆಗೂ ಹಬ್ಬಿತ್ತು. ಮುದುಕಿಯ ಹಸುವಿನ ಬೆನ್ನು ಸುಟ್ಟಿದೆ.

೨೭ ಅಕ್ಟೋಬರ್

ಹಸು ಬದುಕುತ್ತದಂತೆ. ಹಾಲು ಕೊಡುವುದು ಅನುಮಾನ.

ನನ್ನ ಪಾಲಿನ ಒಬ್ಬಟ್ಟನ್ನು ನಮ್ಮ ಹಸುವಿಗೆ ಹಾಕಿದೆ.

೩೦ ಅಕ್ಟೋಬರ್

ಇಬ್ಬರೂ ಕಿತ್ತಾಡುತ್ತಾರೆ, ನನ್ನ ಬಂಡವಾಳ ಬಯಲಾಗುತ್ತದೆ, ವರ್ಗವೋ ಸಸ್ಪೆಂಡೋ ಆಗುತ್ತದೆ ಎಂದು ಕಾದೆ. ಆಗಲಿಲ್ಲ. ಗಂಗುಲಪ್ಪನವರು ತಾವಾಗಿಯೇ, "ತಪ್ಪು ನಂದು, ಸಾಹೇಬ್ರು ಅಷ್ಟು ಮರ್ಯಾದೆಯಿಂದ ಕರೆದರೂ ತಡ ಮಾಡಿದೆ ಅಂತ ಹೇಳಪ್ಪಾ" ಎಂದರು. ಇನ್ಸ್‌ಪೆಕ್ಟರು, "ಹಬ್ಬದ ದಿನ, ಅವರೇನು ಮಾಡ್ತಾರೆ ಪಾಪ" ಎಂದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಇನ್ನು ಮೇಲೆ ಕೇಳಿದ್ದು ಕೇಳಿದ ಹಾಗೆ ಎಂದು ನಮ್ಮ ಮನೆದೇವರ ಮೇಲೆ ಆಣೆ ಇಟ್ಟೆ. ಮಧ್ಯಾಹ್ನ ಗರುಡ ಯಾವುದೋ ರಗಳೆಯಲ್ಲಿದ್ದರು. "ಆ ಕುಂಬಳಕಾಯಿ ಗಂಗುಲಪ್ಪನಿಗೆ ಹೇಳು, ಮುಳಬಾಗಿಲು ರಸ್ತೆಗೆ ಏಣಿ ಕಳಿಸಲಿ." ನಾನು ಅಕ್ಷರ ಬಿಡದೆ ಒಪ್ಪಿಸಿದೆ.

"ಏನಂದೆ?" ಎಂದರು ಗಂಗುಲಪ್ಪನವರು. "ಕುಡಿದಿದ್ದೀಯೇನಪ್ಪಾ ನೀನು?"

"ಇಲ್ಲ ಸಾರ್, ಸಾಹೇಬರೇ ಹಾಗಂದರು."

"ಕೋದಂಡರಾಮಪ್ಪನವರ ಬಾಯಲ್ಲಿ ಅಂಥ ಮಾತು ಬರುತ್ತೇನೋ? ಚಿನ್ನದಂಥಾ ಮನುಷ್ಯ. ಇನ್ನೊಂದು ಸಲ ಹೀಗೆ ಮಾತಾಡಿದ್ರೆ ನಿನ್ನ ಮೇಲೆ ರಿಪೋರ್ಟ್ ಮಾಡ್ತೀನಿ. ಇನ್ಮೇಲೆ ನಿನ್ನ ಮಾತು ನಾನು ನಂಬಲ್ಲ."

ಸುಳ್ಳು ಹೇಳಿದಾಗ ಕಡಲೆಪುರಿ. ನಿಜ ಹೇಳಿದಾಗ ರಿಪೋರ್ಟು.

೪ ನವೆಂಬರ್

ಮಳೆ. ಮಳೆ. ಸೋರುವ ಕಡೆಗೆಲ್ಲ ಹಾಲಿನ ಕ್ಯಾನು ಇಟ್ಟಿದ್ದೇನೆ.

೧೦ ನವೆಂಬರ್

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ, "ಇವತ್ತು ಬುತ್ತಿ ನಾನು ತರ್ತೀನಿ ಅಂತ ಅವಳಿಗೆ ಹೇಳ್ಲಾ" ಎಂದಿದ್ದಳು. ಹೇಳಲು ಮರೆತೆ. ಹಾಗಾಗಿ ಮಧ್ಯಾಹ್ನ ಅಮ್ಮ ತಲೆಗೊಂದು ಗೋಣಿಕೊಪ್ಪೆ ಹೊದ್ದು, ರತ್ನ ಇನ್ನೊಂದು ಗೋಣಿಕೊಪ್ಪೆ ಹೊದ್ದು, ಎರಡು ಬುತ್ತಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ಎದುರುಬದುರಾದರು. ಮಳೆಗೆ ಯಾರೂ ವಾಪಸು ಹೋಗುವ ಹಾಗಿರಲಿಲ್ಲ. ಅಮ್ಮ ಗರುಡನ ಮೇಜಿನ ಹತ್ತಿರ, ರತ್ನ ವರುಣನ ಮೇಜಿನ ಹತ್ತಿರ ಮುಖ ತಿರುಗಿಸಿ ನಿಂತರು.

ಅದೇ ಹೊತ್ತಿಗೆ ಒಂದು ದೊಡ್ಡ ಕೆರೆ ಕೋಡಿ ಬಿದ್ದು, ಕೆಳಗಿನ ಹಟ್ಟಿಯ ಜನ ಮಾಳಿಗೆ ಹತ್ತಿ ಕೂತಿದ್ದರು. ಇನ್ಸ್‌ಪೆಕ್ಟರು ಕೆರೆಯ ಆ ತುದಿಯಲ್ಲಿ ಜೀಪಿನಲ್ಲಿದ್ದರು. ಹಗ್ಗ, ಏಣಿ ಹೊತ್ತ ಫೈರ್ ಇಂಜಿನ್ ಈ ತುದಿಯಿಂದ ಬರುತ್ತಿತ್ತು, ಒಳಗೆ ಗಂಗುಲಪ್ಪನವರು, ಅಶ್ವತ್ಥಪ್ಪ, ಇನ್ನೂ ನಾಲ್ಕು ಜನ. "ಕಟ್ಟೆ ಮೇಲಿನ ದಾರೀಲಿ ಬೇಗ ಬರೋಕೆ ಹೇಳು" ಎಂದು ಗರುಡ ಹೇಳಿದ್ದರು, ನಾನು ಮುಟ್ಟಿಸಿದ್ದೆ. ಸ್ವಲ್ಪ ಹೊತ್ತಿಗೆ ಗರುಡನ ದನಿಯೇ ಬೇರೆಯಾಯಿತು. "ಬೇಡ, ಬೇಡ! ಕಟ್ಟೆ ಬಿರುಕು ಬಿಡ್ತಿದೆ! ಗಾಡಿ ಹತ್ತಿಸಬೇಡ ಅನ್ನು! ಮಾವಿನತೋಪು ಬಳಸಿಕೊಂಡು ಬರಲಿ!"

ವರುಣನಿಗೆ ಹಾಗೆಯೇ ಕೂಗಿದೆ. ಗಂಗುಲಪ್ಪನವರು, "ಈಗ ತಾನೇ ಬೇಗ ಬಾ ಅಂದೆ, ಈಗ ಬೇಡ ಅಂತೀಯ. ಮತ್ತೆ ಹಾಕ್ಕೊಂಡು ಬಂದಿದ್ದೀಯಾ? ಅಲ್ಲಿ ಜನ ಸಾಯ್ತಾ ಅವ್ರೆ. ಸಾಹೇಬ್ರು ಕರೆದವ್ರೆ, ನಾನು ಹೋಗೋನೇ" ಎಂದರು. ಇಂಜಿನ್ ಗೇರು ಬದಲಾಯಿಸಿದ ಸದ್ದು ಕೇಳಿಸಿತು.

"ಸಾರ್, ದೇವರಾಣೆ!" ಎಂದೆ. ನನ್ನ ದೇವರನ್ನೂ ಅವರು ನಂಬಲಿಲ್ಲ.

ಉಳಿದ ದಾರಿ ಒಂದೇ. ಸಾಹೇಬರ ಗಂಟಲನ್ನೇ ಅವರ ಕಿವಿಗೆ ಮುಟ್ಟಿಸಬೇಕು. ಗರುಡನ ಸ್ಪೀಕರಿಗೆ ವರುಣನ ಮೈಕು ಹಿಡಿದು ಒತ್ತಿದರೆ ಆಯಿತು. ಇಷ್ಟು ಸುಲಭವಾದದ್ದನ್ನು ಇಷ್ಟು ದಿನ ಯಾಕೆ ಮಾಡಿರಲಿಲ್ಲವೆಂದರೆ, ಮಾಡಿದ ಕ್ಷಣ ನಾನು ಕಟ್ಟಿದ ಬಿಜಯಂಗೈಯುವಿಕೆಯೆಲ್ಲ ಹೊಳೆಪಾಲು. ನಾನೂ ಹೊಳೆಪಾಲು. ಒಂದು ಗಳಿಗೆ ನಿಂತೆ ಎಂದು ಇಲ್ಲಿ ಬರೆಯದೆ ಇರಲಾರೆ.

ಆಮೇಲೆ ವರುಣನ ಮೇಜನ್ನು ದರದರ ಎಳೆದು ಗರುಡನ ಮೇಜಿಗೆ ಗುದ್ದಿಸಿದೆ. ಇಲಾಖೆಗಳು ತಗಲಿದವು. ಎಳೆದ ರಭಸಕ್ಕೆ ವರುಣನ ಏರಿಯಲ್ ತಂತಿ ಕಿತ್ತು ಬಂತು. ಅದನ್ನು ಎರಡೂ ಕೈಯಲ್ಲಿ ಸೆಟ್ಟಿಗೆ ಒತ್ತಿ ಹಿಡಿದೆ, ಬಿಟ್ಟರೆ ಸೆಟ್ಟು ಮೂಕ. ಮೈಕು ಹಿಡಿಯಲು ನನಗೆ ಮೂರನೇ ಕೈ ಇಲ್ಲ.

"ರತ್ನ, ಆ ಮೈಕು ಈ ಡಬ್ಬಿಗೆ ಹಿಡಿದು ಗುಂಡಿ ಒತ್ತು! ಅಮ್ಮ, ಈ ಮೈಕು ಆ ಡಬ್ಬಿಗೆ! ಒಬ್ಬರು ಒತ್ತಿದಾಗ ಇನ್ನೊಬ್ಬರು ಬಿಡಬೇಕು!"

ಮೊದಲು ಇಬ್ಬರೂ ಒತ್ತಿದರು, ಎರಡು ಡಬ್ಬಿಯೂ ಕುಯ್ಯೋ ಎಂದವು. ಯಾರು ಬಿಡಬೇಕೆಂದು ಅಮ್ಮ ನನ್ನ ಮುಖ ನೋಡಿದಳು. ರತ್ನ ನನ್ನ ಮುಖ ನೋಡಲಿಲ್ಲ.

"ಅತ್ತೇ, ಬಿಡಿ! ಈಗ ನಂದು!"

ಅಮ್ಮ ಬಿಟ್ಟಳು. ಗರುಡನ ಬೊಬ್ಬೆ ವರುಣನೊಳಕ್ಕೆ ನುಗ್ಗಿತು. ಸಾಹೇಬರು ಕೋಪ ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಾರೆ. "ಒರೇ ಗಂಗುಲಪ್ಪಾ! ಬಂಡಿ ಆಪರಾ! ಕಟ್ಟೆ ಹತ್ತಬೇಡ್ವೋ ಕತ್ತೆ! ನಿಲ್ಸೋ!"

"ಈಗ ನೀನು ಬಿಡೇ, ರತ್ನ!" ಎಂದಳು ಅಮ್ಮ.

"ಯಾರ್ಲಾ ಕತ್ತೆ?" ಎಂದಿತು ವರುಣ.

"ನೀನೇ ಕಣೋ ಕತ್ತೆ, ಕಿವಿ ಕೇಳಲ್ವಾ ನಿಂಗೆ?"

"ಪೈಪಿನ ಮೇಲೆ ಜೀಪು ನಿಲ್ಸಿದೋರು ನನ್ನ ಕತ್ತೆ ಅಂತೀರಾ? ಲೇ ಅಶ್ವತ್ಥಾ, ನಿಲ್ಸು ಗಾಡೀನ! ಇವ್ರಿಗೆ ಎರಡು ಮಾತು ಹೇಳಿಬಿಟ್ಟೇ ಮುಂದಕ್ಕೆ ಹೋಗೋಣ!"

ಬ್ರೇಕು ಕಿರುಚಿತು. ಆ ಎರಡು ಮಾತು ಎಷ್ಟು ಮಾತಾಯಿತೋ ಲೆಕ್ಕವಿಲ್ಲ. ಅಮ್ಮ ಒತ್ತಿದಳು, ರತ್ನ ಬಿಟ್ಟಳು, ರತ್ನ ಒತ್ತಿದಳು, ಅಮ್ಮ ಬಿಟ್ಟಳು. ಹುಟ್ಟಿದಾಗಿನಿಂದ ಜೊತೆಯಾಗಿ ಭತ್ತ ಕುಟ್ಟಿದವರಂತೆ ಇಬ್ಬರಿಗೂ ಲಯ ಸಿಕ್ಕಿತ್ತು. ಎರಡು ವರ್ಷದ ಬೈಗುಳವೆಲ್ಲ ನನ್ನ ಕಣ್ಣೆದುರಿಗೆ ಆ ಡಬ್ಬಿಯಿಂದ ಈ ಡಬ್ಬಿಗೆ ಹರಿಯಿತು. ನಾನು ತಂತಿ ಹಿಡಿದು ನಿಂತಿದ್ದೆ.

ಆಗ ಒಂದು ಸದ್ದಾಯಿತು. ಎರಡೂ ಕಡೆಯಿಂದ. ಆಮೇಲೆ ಬರೀ ನೀರಿನ ಮೊರೆತ.

"ಗಂಗುಲಪ್ಪಾ?" ಎಂದಿತು ಗರುಡ, ಮೆಲ್ಲಗೆ. "ಇದ್ದೀಯೇನಯ್ಯಾ?"

ವರುಣ ಮಾತಾಡಲಿಲ್ಲ. ಅಮ್ಮ ರತ್ನಳ ಮೊಣಕೈ ಹಿಡಿದುಕೊಂಡಳು.

"ಇದ್ದೀನಿ ಸಾರ್," ಎಂದಿತು ಕೊನೆಗೆ. "ನಮ್ಮ ಮುಂದೆ ಒಂದು ಮಾರಿಲ್ಲ, ಕಟ್ಟೆ ಹೋಯ್ತು. ಎಲ್ರೂ ಇದ್ದೀವಿ."

ಯಾರೋ ಮೂಗು ಒರೆಸಿಕೊಂಡ ಸದ್ದು ಬಂತು. ಆ ಕಡೆಯೋ ಈ ಕಡೆಯೋ ಹೇಳಲಾರೆ, ಯಾಕೆಂದರೆ ನನ್ನ ಮೂಗೂ ಸೋರುತ್ತಿತ್ತು.

ಇಂಜಿನ್ ತೋಪು ಬಳಸಿಕೊಂಡು ಹೋಯಿತು. ಒಡೆದ ಕಟ್ಟೆಯ ನೀರು ಹಟ್ಟಿಯನ್ನು ಬಿಟ್ಟು ಆ ಪಕ್ಕದ ಗದ್ದೆಗೆ ಹರಿದಿತ್ತು. ಮಾಳಿಗೆಯ ಮೇಲಿದ್ದವರನ್ನೆಲ್ಲ ಸಂಜೆಯೊಳಗೆ ಇಳಿಸಿದರು. ನಾನು ಎರಡೂ ಬುತ್ತಿ ತಿಂದೆ.

೧೩ ನವೆಂಬರ್

ಇಬ್ಬರೂ ಒಂದೇ ಜೀಪಿನಲ್ಲಿ ಬಂದರು. ಟೋಪಿ ಹಾಕಿಕೊಂಡು, ಬಟ್ಟೆಬರೆ ಗಂಟು ಕಟ್ಟಿಯೇ ನಿಂತಿದ್ದೆ.

"ಕುಂಬಳಕಾಯಿ ಯಾಕೆ ಕಳಿಸಿದೆ ಗೊತ್ತೇನ್ರೀ?" ಎಂದರು ಇನ್ಸ್‌ಪೆಕ್ಟರು ಗಂಗುಲಪ್ಪನವರಿಗೆ. "ನೀವು ಮೊದಲು ಶುಭಾಶಯ ಹೇಳಿದ್ರಿ ಅಂತ."

"ನಾನೆಲ್ಲಿ ಹೇಳಿದೆ ಸಾರ್? ತಾವಲ್ವೇ ಹೇಳಿದ್ದು?"

ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಸೋರುವ ಸೂರನ್ನು ನೋಡಿದೆ. ಆಮೇಲೆ ಬೈರಮ್ಮನ ಬಣವೆಯ ವಿಷಯವನ್ನು, ಅವರು ಕೇಳುವ ಮೊದಲೇ, ನಾನೇ ಹೇಳಿದೆ. ಯಾರ ಮಾತನ್ನೂ ಅಲ್ಲ, ನನ್ನದೇ.

ಗಂಗುಲಪ್ಪನವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಒಬ್ಬಟ್ಟು ತಿಂದೋನು ನಾನು," ಎಂದರು. ಇನ್ಸ್‌ಪೆಕ್ಟರ ತೀರ್ಪು ಇಷ್ಟು: ನನ್ನ ಹೊಲದ ರಾಗಿ ಹುಲ್ಲು ಪೂರ್ತಿ ಬೈರಮ್ಮನ ಹಿತ್ತಲಿಗೆ ಹೋಗಬೇಕು, ಬಣವೆಯನ್ನು ನಾನೇ ಒಟ್ಟಬೇಕು. ಮೇಜುಗಳು ಜೋಡಿಸಿದ ಹಾಗೆಯೇ ಇರಬೇಕು. ಅವಸರ ಬಂದರೆ ಮೈಕಿಗೆ ಡಬ್ಬಿ, ಡಬ್ಬಿಗೆ ಮೈಕು.

"ಅವಸರ ಇಲ್ಲದಾಗ ಸಾರ್?" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀಪಿನಲ್ಲಿ ಬರುವಾಗ ದಾರಿಯುದ್ದಕ್ಕೂ ಜಗಳವಾಡಿದ್ದಾರೆಂದು ಡ್ರೈವರು ಆಮೇಲೆ ಹೇಳಿದ. "ಅವಸರ ಇಲ್ಲದಾಗ ನೀನೇ ಹೇಳಯ್ಯಾ," ಎಂದರು ಇನ್ಸ್‌ಪೆಕ್ಟರು. "ಆದರೆ ಬಿಜಯಂಗೈಬೇಡ."

೧೬ ನವೆಂಬರ್

ಬಣವೆ ಒಟ್ಟಿ ಬಂದೆ. ಸೊಂಟ ಹಿಡಿದುಕೊಂಡಿದೆ. ಹಸುವಿನ ಬೆನ್ನ ಮೇಲೆ ಹೊಸ ಕೂದಲು ಬರುತ್ತಿದೆ. ಬೈರಮ್ಮ ನನಗೆ ಮಜ್ಜಿಗೆ ಕೊಟ್ಟಳು, ನಾನು ಯಾರೆಂದು ಗೊತ್ತಿದ್ದೂ. ಇನ್ನೊಂದು ಗಾಡಿ ಹುಲ್ಲು ಹಾಕಿ ಬರಬೇಕು.

ಬೆಳಿಗ್ಗೆ ವರುಣನನ್ನು ಕರೆಯುವಾಗ "ಇದು ಕ್ಯಾಲನೂರು ಮಾತಾಡ್ತಿರೋದು" ಎಂದೆ. ಅವರೂ "ಹೇಳಿ ಕ್ಯಾಲನೂರು" ಎಂದರು.

೨೦ ನವೆಂಬರ್

ಮನೆಯಲ್ಲಿ ಗ್ರಹಚಾರ. ಅಮ್ಮನೂ ರತ್ನಳೂ ಈಗ ಹಗಲೆಲ್ಲ ಮಾತು. ಮಾತಾಡುತ್ತಾ ಆಡುತ್ತಾ ಯುಗಾದಿಯಿಂದ ನಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ತಾಳೆ ನೋಡಿದ್ದಾರೆ. ಕಿವಿಗೆ ಬೀಳದ ಹಾಗೆ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ ನಾನು ಮುಟ್ಟಿಸಿದ ಮಾತುಗಳೂ ಬಹಳ ಇದ್ದವು. ಅಮ್ಮ ತನ್ನ ಓಲೆಯನ್ನು ಸೊಸೆಗೇ ಕೊಡುತ್ತಾಳಂತೆ ಎಂದು ಶ್ರಾವಣದಲ್ಲಿ ಒಂದು ಮಾತು ಹೇಳಿದ್ದೆ. ಅಮ್ಮ ಹೇಳಿರಲಿಲ್ಲ.

ಈಗ ರತ್ನ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.

ರಾತ್ರಿ ಊಟಕ್ಕೆ ಕೂತೆ. ಒಲೆಯ ಮುಂದಿನಿಂದ ರತ್ನ, "ಅತ್ತೇ, ನಿಮ್ಮ ಮಗನಿಗೆ ಹೇಳಿ. ಮುದ್ದೆ ಬೇಕಾದ್ರೆ ಎದ್ದು ಬಂದು ತಗೊಳ್ಳಲಿ, ಸುಳ್ಳ ನನ್ಮಗನಿಗೆ ಬಡಿಸೋಕೆ ನಾನಿಲ್ಲ" ಎಂದಳು. ನಮ್ಮಿಬ್ಬರ ನಡುವೆ ಒಂದು ಮಾರು ದೂರವಿತ್ತು.

ಅಮ್ಮ ನನ್ನ ಕಡೆ ತಿರುಗಿದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಸೊಂಟ ನೋವಂತಲ್ಲ, ಸುಬ್ಬಾ. ನೀನು ಏಳಬೇಡವಂತೆ. ಬಿಸಿ ಆರೋದ್ರೊಳಗೆ ತಾನೇ ತಂದಿಡ್ತಾಳಂತೆ."

ಒಲೆಯ ಮುಂದೆ ಸೌಟು ನಿಂತಿತು. ಓಲೆ ಅಮ್ಮನ ಕಿವಿಯಲ್ಲಿ ಇರಲಿಲ್ಲ, ಅದನ್ನು ನಾನು ಆಗಷ್ಟೇ ಗಮನಿಸಿದ್ದು. ಸ್ವಲ್ಪ ಹೊತ್ತಾದ ಮೇಲೆ ರತ್ನ ಎದ್ದು ಬಂದು ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋದಳು. ಬೆಂಕಿಯ ಬೆಳಕಿಗೆ ಅವಳ ಕಿವಿ ಮಿನುಗಿತು.

ಅವಳು ಹೇಳಿದ್ದನ್ನು ನಾನು ಚೆನ್ನಾಗಿಯೇ ಕೇಳಿಸಿಕೊಂಡಿದ್ದೆ. ಅಮ್ಮ ಹೇಳಿದ್ದನ್ನೇ ನಂಬಿ ಊಟ ಮಾಡಿದೆ.